ಒಂದೇ ಮೈಕಿನ ಮುಂದೆ ನಾಲ್ವರು

ನಮ್ಮ ಮೊದಲ ಆಲ್ಬಂ ಇಂಟರ್‌ನೆಟ್ಟಿಗೆ ಬಂದು ಆರು ವಾರವಾಯಿತು. ಈವರೆಗೆ ಜನ ಅದನ್ನು ಕೇಳಿರುವುದು ನಾನೂರ ಹನ್ನೆರಡು ಸಲ. ಅದರಲ್ಲಿ ಮುನ್ನೂರು ಸಲ ಕೇಳಿದವಳು ನಾನೇ. ಉಳಿದದ್ದರಲ್ಲಿ ಬಹುಪಾಲು ನನ್ನ ಬಿ.ಎಸ್ಸಿ. ಎರಡನೇ ವರ್ಷದ ಮಕ್ಕಳದ್ದು. ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆ ಎಂಬುದು ಅವರಿಗೆ ಗೊತ್ತು. ಇದೆಲ್ಲ ಹೇಗಾಯಿತು ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಕೇಳುವ ಲಕ್ಷಣವೂ ಕಾಣುತ್ತಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ನನ್ನ ಹೆಸರು ಪದ್ಮಪ್ರಿಯಾ. ಪೀಳಮೇಡಿನ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮೈಸೂರಿನಿಂದ ಮದುವೆಯಾಗಿ ಕೊಯಮತ್ತೂರಿಗೆ ಬಂದು ಇಪ್ಪತ್ತೆಂಟು ವರ್ಷ. ನನ್ನ ಗಂಡನ ಮನೆಯವರು ನಾಲ್ಕು ತಲೆಮಾರಿನಿಂದ ಇಲ್ಲೇ ಇರುವ ಮಾಧ್ವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಒಳಗಿನ ಕನ್ನಡವೂ ಅರ್ಧ ದಾರಿ ಹೋಗಿ ತಮಿಳಿನ ಕಡೆ ತಿರುಗಿಬಿಡುತ್ತದೆ. ಕನ್ನಡ ಅಕ್ಷರ ಓದಲು ಬರುವವಳು ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಬಂದ ವಾರದಿಂದಲೇ ಎಲ್ಲರನ್ನೂ ತಿದ್ದುವ ಕೆಲಸ ವಹಿಸಿಕೊಂಡೆ. 'ರೊಂಬ ಅಲ್ಲ, ತುಂಬಾ.' 'ವಂಡಿ ಅಲ್ಲ, ಗಾಡಿ.' ಅವರು ಸರಿ ಸರಿ ಎಂದು ತಲೆಯಾಡಿಸಿ, ಮರುಕ್ಷಣ ವಂಡಿ ಹತ್ತಿ ಹೋಗುತ್ತಿದ್ದರು. ಇಷ್ಟು ವರ್ಷದಲ್ಲಿ ಅವರಲ್ಲಿ ಒಬ್ಬರೂ ನನ್ನನ್ನು ತಿದ್ದಲಿಲ್ಲ. ತಿದ್ದುವಂಥದ್ದು ನನ್ನಲ್ಲಿ ಏನೂ ಇಲ್ಲ ಎಂದು ನಾನು ಅದಕ್ಕೆ ಅರ್ಥ ಹಚ್ಚಿಕೊಂಡಿದ್ದೆ.

ಹಾಡಿನ ಹುಚ್ಚು ಹಿಡಿಸಿದ್ದು ನನ್ನ ಅತ್ತೆ ಸರಸ್ವತಮ್ಮ. ಎಂಬತ್ತೊಂದು ವರ್ಷ ಅವರಿಗೆ. ಶುಕ್ರವಾರದ ಮನೆ ಭಜನೆಯಲ್ಲಿ ಅವರು ಹಾಡುವುದು ದಾಸರ ಪದ. ಅಡುಗೆಮನೆಯಲ್ಲಿ ಹುಳಿ ಕುದಿಯುವಾಗ ಅವರ ಬಾಯಿಂದ ಬರುವುದು ಬೇರೆ. ಐವತ್ತರ ದಶಕದ ಸಿನಿಮಾಗಳಲ್ಲಿ ಖಳನಾಯಕನ ಹೋಟೆಲಿನಲ್ಲಿ ಲೋಟ ಹಿಡಿದು ಕೂತವರ ನಡುವೆ ಒಬ್ಬಳು ಸೊಂಟ ತಿರುಗಿಸುತ್ತ ಹಾಡುತ್ತಿದ್ದಳಲ್ಲ, ಹಿಂದೆ ತುತ್ತೂರಿ, ಸ್ಯಾಕ್ಸೊಫೋನು, ಆಳೆತ್ತರದ ಬೇಸು, ಆ ಹಾಡುಗಳು. ಆ ಕಾಲದಲ್ಲಿ ಕೊಯಮತ್ತೂರಿನಲ್ಲೇ ಸಿನಿಮಾ ತೆಗೆಯುತ್ತಿದ್ದರು. ಅತ್ತೆಯ ತಂದೆ ಒಂದು ಸ್ಟುಡಿಯೋದಲ್ಲಿ ಟೈಪಿಸ್ಟ್ ಆಗಿದ್ದರು. ಅವರಿಗೆ ಊಟದ ಕ್ಯಾರಿಯರ್ ಒಯ್ಯುತ್ತಿದ್ದ ಮಗಳು ಬಾಗಿಲ ಹೊರಗೆ ನಿಂತು ಕೇಳಿ ಕೇಳಿ ಎಲ್ಲವನ್ನೂ ಕಲಿತುಬಿಟ್ಟಿದ್ದರು. ಇದಕ್ಕೆ ಸ್ವಿಂಗ್ ಎಂದು ಹೆಸರು ಎಂಬುದು ಅವರಿಗೆ ಗೊತ್ತಿಲ್ಲ. 'ಕುಂಟು ತಾಳದ ಹಾಡು' ಅನ್ನುತ್ತಾರೆ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಅವರಿಟ್ಟ ಹೆಸರೇ ಸರಿ ಅನ್ನಿಸುತ್ತದೆ.

ಎರಡು ವರ್ಷದ ಹಿಂದೆ ಒಂದು ಶುಕ್ರವಾರ, ಭಜನೆ ಮುಗಿದು ಎಲ್ಲರೂ ಅಡುಗೆಮನೆಯಲ್ಲಿ ಉಸಲಿ ತಿನ್ನುತ್ತಿದ್ದಾಗ ಅತ್ತೆ ಅಂಥದ್ದೊಂದನ್ನು ಗುನುಗಿದರು. ನನ್ನ ಮೈದುನ ಸುಮಧ್ವ ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸದಲ್ಲಿದ್ದಾನೆ. ದನಿ ಬಾವಿಯ ತಳದಿಂದ ಬರುತ್ತದೆ. ಅವನು ಕೆಳಗಿನಿಂದ ಡುಂ ಡುಂ ಎಂದು ಸೇರಿಸಿದ. ಅವನ ಹೆಂಡತಿ ಶ್ರೀಜಾ ಮೇಲಿನಿಂದ ಒಂದು ಎಳೆ ಹಿಡಿದಳು. ನನ್ನ ಗಂಡ ಗುರುಪ್ರಸನ್ನ ಪಂಪ್‌ಸೆಟ್ ಕಂಪನಿಯಲ್ಲಿ ಎಂಜಿನಿಯರ್, ಹುಟ್ಟಿದಾಗಿನಿಂದ ಯಾರ ಮಾತಿಗೂ ಇಲ್ಲ ಎಂದವರಲ್ಲ. ಅವರೂ ಉಸಲಿ ನುಂಗಿಕೊಂಡು ಮಧ್ಯದಲ್ಲೆಲ್ಲೋ ಸೇರಿಕೊಂಡರು. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನನಗೆ ಸುಮ್ಮನಿರಲಾಗಲಿಲ್ಲ. ನಾನೂ ಬಾಯಿ ಹಾಕಿದೆ. ಅಲ್ಲಿಗೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮಂಗನ ಕೈಗೆ ಮಾಣಿಕ್ಯ ಸಿಕ್ಕಿದಂತೆ ನನ್ನ ಕೈಗೆ ಹಾರ್ಮನಿ ಸಿಕ್ಕಿತು. ಹಾರ್ಮನಿ ಎಂದರೆ ನಾಲ್ಕು ಜನ ಒಂದೇ ಮಾತನ್ನು ಒಂದೇ ಹೊತ್ತಿಗೆ ನಾಲ್ಕು ಬೇರೆ ಸ್ವರದಲ್ಲಿ ಹಾಡುವುದು. ಪಕ್ಕದವರು ಏನು ಹಾಡಿದರೂ ತನ್ನ ಸ್ವರವನ್ನು ತಾನು ಬಿಡಬಾರದು. ಇದನ್ನು ನಾನು ಇಂಟರ್‌ನೆಟ್ಟಿನಲ್ಲಿ ಒಂದು ತಿಂಗಳು ಕಲಿತು, ಹನ್ನೊಂದು ತಿಂಗಳು ಉಳಿದ ಮೂವರಿಗೆ ಕಲಿಸಿದೆ. ಅತ್ತೆಯ ಹಾಡುಗಳಲ್ಲಿ ಎಂಟನ್ನು ಆರಿಸಿ, ಕನ್ನಡದವನ್ನೂ ತಮಿಳಿನವನ್ನೂ ತಮಿಳು ಅಕ್ಷರದಲ್ಲೇ ಚಾರ್ಟ್ ಹಾಳೆಯ ಮೇಲೆ ಬರೆದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಕೆಂಪು ನನ್ನದು, ಎಲ್ಲಕ್ಕಿಂತ ಮೇಲೆ, ಮುಖ್ಯ ಹಾಡು. ಹಂಚಿದವಳು ನಾನೇ ಆದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಸುಮಧ್ವ ಮಾತ್ರ ಒಂದು ದಿನ ಹಿಂಜರಿಯುತ್ತ ಬಂದ. "ಅತ್ತಿಗೆ, ಶ್ರುತಿಪೆಟ್ಟಿಗೆ ಇಟ್ಕೊಳ್ಳೋಣವಾ? ಸುಮ್ನೆ, ಕೊಂಜ ಆಸರೆಗೆ."

"ಸುಮಧ್ವ, ಇದು ಸ್ವಿಂಗು. ಶ್ರುತಿಪೆಟ್ಟಿಗೆ ಇಟ್ರೆ ಭಜನೆ ಆಗತ್ತೆ."

"ಶೇರಿ ಅತ್ತಿಗೆ."

"ಶೇರಿ ಅಲ್ಲ, ಸರಿ."

"ಸರಿ ಅತ್ತಿಗೆ," ಎಂದು ಹೋದ. ಪಾಪ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಆಲ್ಬಂ ಮಾಡಿಯೇ ತೀರುವುದು ಎಂದು ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಾರಿಬಿಟ್ಟೆ. ನನ್ನ ಹಳೆಯ ವಿದ್ಯಾರ್ಥಿ ಶಕ್ತಿವೇಲ್ ಉಡುಮಲೈಪೇಟೆಯ ಹತ್ತಿರ ತನ್ನ ತಂದೆಯ ಕೊಬ್ಬರಿ ಗೋದಾಮನ್ನು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದಾನೆಂದು ಗೊತ್ತಾಯಿತು. ಹಳೆಯ ಕಾಲದ ದಪ್ಪ ಗೋಡೆ, ಸುತ್ತ ತೆಂಗಿನ ತೋಟ, ಹೊರಗಿನ ಸದ್ದು ಒಳಗೆ ಬರುವುದಿಲ್ಲ. ಕೊಬ್ಬರಿಯ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿಲ್ಲ. ಹಾಡುತ್ತ ಹಾಡುತ್ತ ಹಸಿವಾಗುತ್ತದೆ. ಬಿ.ಎಸ್ಸಿ.ಯಲ್ಲಿ ಶಬ್ದದ ಪ್ರಯೋಗಕ್ಕೆ ನಾನು ಅವನಿಗೆ ಇಪ್ಪತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ಅವನು ಅದನ್ನು ಮರೆತಿರಲಿಲ್ಲ, ಆದರೂ ಬಾಗಿಲಲ್ಲೇ ಎಳನೀರು ಹಿಡಿದು ನಿಂತಿದ್ದ.

ಮೊದಲ ಭಾನುವಾರ ಅವನು ನಾಲ್ಕು ಮೈಕು, ನಾಲ್ಕು ಹೆಡ್‌ಫೋನು ಸಿದ್ಧಮಾಡಿ ಇಟ್ಟಿದ್ದ. ನಾನು ಮೂರು ಮೈಕನ್ನು ತೆಗೆಸಿದೆ. ಅವನು ಆಡುವುದೆಲ್ಲ ತಮಿಳು. ನಾನು ಇಲ್ಲಿ ಕನ್ನಡ ಮಾಡಿ ಹೇಳುತ್ತೇನೆ.

"ಮೇಡಂ, ಬೇರೆ ಬೇರೆ ಮೈಕಲ್ಲಿ ತಗೊಂಡರೆ ಆಮೇಲೆ ಏನಾದರೂ ಇದ್ದರೆ ಒಬ್ಬೊಬ್ಬರದ್ದೇ ಸರಿಮಾಡಬಹುದು," ಎಂದ.

"ಸರಿಮಾಡುವಂಥದ್ದು ಏನೂ ಇರೋದಿಲ್ಲ ಶಕ್ತಿವೇಲ್. ಹಿಂದಿನ ಕಾಲದ ಸ್ವಿಂಗ್ ತಂಡಗಳು ಒಂದೇ ಮೈಕಿನ ಸುತ್ತ ನಿಂತು ಹಾಡುತ್ತಿದ್ದವು. ನಾವೂ ಹಾಗೇ."

ಹಾಗೇ ನಿಂತೆವು. ಮೈಕಿನ ಎದುರು ನಾನು, ನನ್ನ ಮೊಣಕೈಗೆ ಮೊಣಕೈ ತಾಗಿಸಿ ಗಂಡ, ಆ ಕಡೆ ಶ್ರೀಜಾ, ಒಂದು ಹೆಜ್ಜೆ ಹಿಂದೆ ಸುಮಧ್ವ. ಮೂರು ಭಾನುವಾರಗಳಲ್ಲಿ ಎಂಟು ಹಾಡು ಮುಗಿಸಿದೆವು. ಪ್ರತಿ ಹಾಡು ಮುಗಿದಾಗಲೂ ಶಕ್ತಿವೇಲ್ ಗಾಜಿನ ಆಚೆ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಮೈಮರೆತಿದ್ದಾನೆ ಎಂದು ಗಂಡನಿಗೆ ಸನ್ನೆ ಮಾಡಿ ತೋರಿಸುತ್ತಿದ್ದೆ.

ನಾಲ್ಕನೆಯ ಭಾನುವಾರ, ಮದುವೆ ರಿಸೆಪ್ಷನ್‌ಗಳಲ್ಲಿ ಕೀಬೋರ್ಡ್ ನುಡಿಸುವ ನಟರಾಜನ್ ಎಂಬವರು ನಮ್ಮ ಹಾಡುಗಳಿಗೆ ಪಿಯಾನೊ ಸೇರಿಸಲು ಬಂದರು. ಮೊದಲ ಹಾಡು ಹಾಕಿದರು. ಪಲ್ಲವಿ ಚೆನ್ನಾಗಿ ಹೋಯಿತು. ಒಂದನೆಯ ಚರಣದಲ್ಲಿ ಅವರ ಹುಬ್ಬು ಮೇಲೆ ಹೋಯಿತು. ಎರಡನೆಯ ಚರಣಕ್ಕೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಾಡು ಮುಗಿದ ಮೇಲೆ, ನಾವು ಹಿಡಿದ ಮೊದಲ ಸ್ವರವನ್ನು ಒತ್ತಿದರು. ಆಮೇಲೆ ನಾವು ಬಿಟ್ಟ ಕೊನೆಯ ಸ್ವರವನ್ನು ಒತ್ತಿದರು. ಎರಡೂ ಒಂದೇ ಆಗಿರಬೇಕಿತ್ತು. ಆಗಿರಲಿಲ್ಲ.

"ಹಾಡು ಕೆಳಗೆ ಹೋಗ್ತಾ ಇದೆ ಮೇಡಂ. ಕೀಬೋರ್ಡಿನಲ್ಲಿ ಒಂದೂವರೆ ಮನೆ," ಎಂದರು ಬಹಳ ಮೆತ್ತಗೆ. "ನಾಲ್ವರೂ ಒಟ್ಟಿಗೇ ಹೋಗ್ತಾ ಇದ್ದೀರಿ, ಅದು ಆಶ್ಚರ್ಯ. ಪಿಯಾನೊಗೆ ಹಾಗೆ ಇಳಿಯೋಕೆ ಬರಲ್ಲ."

ಎಂಟು ಹಾಡೂ ಹಾಗೇ ಇದ್ದವು. ಒಂದೇ ಮೈಕಿನಲ್ಲಿ ಹಿಡಿದದ್ದರಿಂದ ನಾಲ್ಕು ದನಿಯೂ ಹಾಲಿನಲ್ಲಿ ಸಕ್ಕರೆಯಂತೆ ಬೆರೆತುಹೋಗಿದ್ದವು. ಒಂದನ್ನು ಬೇರೆ ಮಾಡಿ ಎತ್ತುವಂತಿರಲಿಲ್ಲ. ಯಾರು ಎಳೆಯುತ್ತಿದ್ದಾರೆ ಎಂದು ಹೇಳುವಂತೆಯೂ ಇರಲಿಲ್ಲ.

ಆದರೆ ನನಗೆ ಗೊತ್ತಿತ್ತು. ಸುಮಧ್ವನೇ. ಅಷ್ಟು ಭಾರದ ದನಿ ಇನ್ನೆಲ್ಲಿಗೆ ಹೋಗಬೇಕು? ಆ ವಾರವಿಡೀ ಅವನಿಗೆ ಮೊಸರು ನಿಲ್ಲಿಸಿದೆ, ಶೀತ ಎಂದು. ಮಾಧ್ವರ ಮನೆಯ ಗಂಡಸಿಗೆ ಮೊಸರನ್ನ ನಿಲ್ಲಿಸುವುದು ಸಣ್ಣ ಶಿಕ್ಷೆಯಲ್ಲ. ಅವನು ಸಾರನ್ನ ಉಂಡು ಎದ್ದು, ಕೈ ತೊಳೆದು ಕೆಲಸಕ್ಕೆ ಹೋದ. ಆಮೇಲೆ ಶ್ರೀಜಾಳ ಮೇಲೆ ಅನುಮಾನ ಬಂತು: ಹಾಡುವಾಗ ಗಲ್ಲ ಕೆಳಗೆ ಮಾಡುತ್ತಾಳೆ. ಗಲ್ಲ ಎತ್ತಿ ಹಾಡಿಸಿ ಅವಳಿಗೆ ಕುತ್ತಿಗೆ ಹಿಡಿದುಕೊಂಡಿತು. ಕೊನೆಗೆ ಗಂಡನನ್ನು ಕೂರಿಸಿಕೊಂಡು ಕೇಳಿದೆ, "ನಿಜ ಹೇಳಿ, ನೀವೇನಾ?"

"ಇರಬಹುದು ಪದ್ಮಾ," ಎಂದರು. "ನಾನೇ ಇರಬಹುದು."

ಎಷ್ಟು ಸುಲಭವಾಗಿ ಒಪ್ಪಿಕೊಂಡರೆಂದರೆ ನನಗೆ ಅವರ ಮೇಲೆ ಕನಿಕರ ಬಂತು. ಪರವಾಗಿಲ್ಲ, ಅಭ್ಯಾಸ ಮಾಡಿದರೆ ಸರಿಹೋಗುತ್ತದೆ ಎಂದು ಬೆನ್ನು ತಟ್ಟಿದೆ. ಆ ಬೆನ್ನು ತಟ್ಟಿದ್ದು ನೆನಪಾದರೆ ಈಗಲೂ ನನ್ನ ಕೈ ನಾಚಿಕೊಳ್ಳುತ್ತದೆ.

ಮುಂದಿನ ಭಾನುವಾರ ಶಕ್ತಿವೇಲ್ ಒಂದು ಪರೀಕ್ಷೆ ಇಟ್ಟ. ಒಬ್ಬೊಬ್ಬರೇ ಒಳಗೆ ಹೋಗಿ, ಕಿವಿಯಲ್ಲಿ ನಟರಾಜನ್ ಅವರ ಪಿಯಾನೊ ಕೇಳಿಸಿಕೊಳ್ಳುತ್ತ ತಮ್ಮ ತಮ್ಮ ಭಾಗ ಹಾಡಬೇಕು. ದನಿ ಯಾವ ಸ್ವರದಲ್ಲಿದೆ ಎಂದು ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುತ್ತದೆ. ಸುಮಧ್ವನ ಗೆರೆ ಬಂತು: ನೆಟ್ಟಗೆ. ಶ್ರೀಜಾಳದ್ದು ನೆಟ್ಟಗೆ. ಗಂಡನದ್ದಂತೂ ಸ್ಕೇಲು ಇಟ್ಟು ಎಳೆದ ಹಾಗಿತ್ತು. ನಾಲ್ಕನೆಯದನ್ನು ತೋರಿಸುವ ಹೊತ್ತಿಗೆ ಶಕ್ತಿವೇಲ್‌ಗೆ ಕೆಮ್ಮು ಬಂತು.

"ನಿಮ್ಮದು ಮುಂದಿನ ವಾರ ನೋಡೋಣ ಮೇಡಂ. ಸಿಸ್ಟಂ ಸ್ವಲ್ಪ ಸ್ಲೋ ಆಗಿದೆ."

"ಈಗಲೇ ತೋರಿಸು."

ತೋರಿಸಿದ. ನನ್ನ ಗೆರೆ ಎಡಗಡೆ ಮೇಲೆ ಶುರುವಾಗಿ, ಪ್ರತಿ ಸಾಲಿನ ಕೊನೆಗೆ ಒಂದೊಂದು ಮೆಟ್ಟಿಲು ಇಳಿದು, ಬಲಗಡೆ ಕೆಳಗೆ ಮುಗಿದಿತ್ತು.

ವಿಜ್ಞಾನದಲ್ಲಿ ಒಂದೇ ಅಳತೆಯನ್ನು ನಂಬಬಾರದು, ಮೂರು ಸಲ ತೆಗೆಯಬೇಕು ಎಂದು ಮಕ್ಕಳಿಗೆ ಹೇಳುವವಳು ನಾನು. ಮೂರು ಸಲ ಹಾಡಿದೆ. ಮೂರನೆಯ ಸಲ ಇಳಿಜಾರು ಇನ್ನೂ ಕಡಿದಾಗಿತ್ತು. "ಮೆಷಿನ್ ಸರಿ ಇದೆಯಾ?" ಎಂದು ಕೇಳಿದೆ. "ಇದೆ ಮೇಡಂ," ಎಂದು ಅವನು ನೆಲ ನೋಡಿದ. ಗಂಡ, ಮೈದುನ, ಓರಗಿತ್ತಿ ಮೂವರೂ ಗೋಡೆ ನೋಡುತ್ತಿದ್ದರು. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ನನ್ನ ಎದೆ ಧಸಕ್ಕೆಂದದ್ದು ಗೆರೆ ನೋಡಿ ಅಲ್ಲ, ಆ ಮುಖಗಳನ್ನು ನೋಡಿ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ನನ್ನ ಬೆನ್ನನ್ನು ಮನೆಮಂದಿಯೆಲ್ಲ ಇಪ್ಪತ್ತೆಂಟು ವರ್ಷದಿಂದ ನೋಡುತ್ತ ಕೂತಿದ್ದರು.

ಮನೆಗೆ ಬಂದವಳೇ ಅತ್ತೆಯ ಎದುರು ಕೂತೆ. ಅವರು ನಾಳೆಯ ಪೂಜೆಗೆ ಬತ್ತಿ ಹೊಸೆಯುತ್ತಿದ್ದರು.

"ಅಮ್ಮಾ, ನಾನು ಶ್ರುತಿ ಬಿಟ್ಟು ಹಾಡ್ತೀನಿ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಮೊದಲನೇ ಶುಕ್ರವಾರದಿಂದ ಗೊತ್ತು," ಎಂದರು, ಬತ್ತಿಯಿಂದ ಕಣ್ಣೆತ್ತದೆ. "ಮದುವೆಯಾಗಿ ನಾಕು ದಿನ ಆಗಿತ್ತು. ಹಾಡು ಅಂದ್ವಿ. ನಿನಗೆ ರೊಂಬ ಭಯ. ಎರಡನೇ ಸಾಲಿಗೇ ಇಳಿದೆ. ನಾನು ಎಲ್ಲಾರಿಗೂ ಕಣ್ಣು ಮಾಡಿದೆ, ಇಳೀರಿ ಅಂತ. ನಮ್ಮ ಭಜನೇಲಿ ಅದೇ ವಳಕ್ಕ, ಅದೇ ಪದ್ಧತಿ ತಾನೆ. ಒಬ್ರು ತಪ್ಪಿದ್ರೆ ಎಲ್ಲಾರೂ ಅವರ ಹತ್ರ ಹೋಗ್ಬೇಕು. ದೇವರ ಮುಂದೆ ಒಬ್ಬರನ್ನ ತನಿಯಾಗಿ ಬಿಡಬಾರದು."

"ಆಮೇಲೆ?"

"ಆಮೇಲೆ ಭಯ ಹೋದ್ರೆ ತಾನೇ ಏರಿ ಬರ್ತಾಳೆ ಅಂದ್ಕೊಂಡ್ವಿ. ನೀನು ಬರಲೇ ಇಲ್ಲ. ನಮಗೂ ಪಳಗಿ ಹೋಯ್ತು."

"ಹೇಳಬಹುದಿತ್ತಲ್ಲ ಅಮ್ಮಾ."

ಅವರು ಬತ್ತಿ ಕೆಳಗಿಟ್ಟು ನನ್ನನ್ನು ನೋಡಿದರು. "ಹೇಗೆ ಹೇಳೋದು? ಬಂದ ವಾರವೇ ವಂಡಿ ಅಲ್ಲ ಗಾಡಿ ಅಂದೆ. ಅಷ್ಟು ಓದಿರೋಳಿಗೆ ನಾವು ಹೇಳಕ್ಕಾಗತ್ತಾ?"

ಆ ಹೊತ್ತು ಮನಸ್ಸಿನಲ್ಲಿದ್ದದ್ದು ಅವಮಾನ. ಅದರ ಕೆಳಗೆ ಭಯ. ಈ ಮನೆಯಲ್ಲಿ ನಾನು ಸೇರಿಕೊಂಡದ್ದು ಹಾಡಿನಿಂದ ಎಂದು ನಂಬಿದ್ದೆ. ಅಡುಗೆ ಇವರಷ್ಟು ಬರುವುದಿಲ್ಲ, ಮಡಿ ಮೈಲಿಗೆ ತಲೆಗೆ ಹತ್ತುವುದಿಲ್ಲ, ಭಾಷೆ ಇವರದ್ದಲ್ಲ; ಶುಕ್ರವಾರ ಬಾಯಿ ತೆರೆದರೆ ಮಾತ್ರ ಎಲ್ಲರೂ ನನ್ನ ಹಿಂದೆ ಬರುತ್ತಾರೆ ಎಂದುಕೊಂಡಿದ್ದೆ. ಬಂದದ್ದು ನಿಜ. ಆದರೆ ಅದು ಬಿದ್ದವಳನ್ನು ಎತ್ತಲು ಬಗ್ಗಿದ್ದು ಎಂದು ಗೊತ್ತಿರಲಿಲ್ಲ.

ಮಾರನೆಯ ದಿನ ನಾನು ತ್ಯಾಗ ಮಾಡಿದೆ. ಊಟಕ್ಕೆ ಕೂತಾಗ, ಸುಮಧ್ವನ ತಟ್ಟೆಗೆ ಎರಡು ಸೌಟು ಮೊಸರು ಹಾಕಿ, ಇನ್ನು ಮುಂದೆ ಆಲ್ಬಮ್ಮಿನಲ್ಲಿ ನನ್ನ ದನಿ ಇರುವುದಿಲ್ಲ, ನೀವು ಮೂವರೇ ಹಾಡಿ, ಮುಖ್ಯ ಹಾಡು ಶ್ರೀಜಾಳದ್ದು ಎಂದು ಘೋಷಿಸಿದೆ. ಬೇಡ ಬೇಡ ಎನ್ನುತ್ತಾರೆ ಎಂದು ಕಾದೆ. ಅಂದರು. ಅಂದಷ್ಟೂ ನಾನು ಗಟ್ಟಿಯಾದೆ. ತ್ಯಾಗ ಮಾಡುವವರನ್ನು ತಡೆಯುವುದು ಕಷ್ಟ. ಅವರಿಗೆ ಅದರಲ್ಲಿ ಬಹಳ ಸುಖವಿರುತ್ತದೆ.

ಶಕ್ತಿವೇಲ್ ಬೇರೆ ದಾರಿ ತೋರಿಸಿದ. ನಾಲ್ವರೂ ಬೇರೆ ಬೇರೆಯಾಗಿ ಹಾಡಿದರೆ, ನನ್ನದೊಂದನ್ನು ಯಂತ್ರದಲ್ಲಿ ಎತ್ತಿಬಿಡುವುದಾಗಿ ಹೇಳಿದ. ಆದರೆ ಮೂವರು ಒಬ್ಬೊಬ್ಬರಾಗಿ ಹಾಡಿದ್ದನ್ನು ಜೋಡಿಸಿ ಕೇಳಿದಾಗ ಅವನೇ ಮುಖ ಸಿಂಡರಿಸಿದ. ಸ್ವರ ನೆಟ್ಟಗಿತ್ತು, ತಾಳದ ಕುಂಟು ಹೋಗಿಬಿಟ್ಟಿತ್ತು. ಪೋತ್ತನೂರು ಜಂಕ್ಷನ್ನಿನಲ್ಲಿ ರೈಲು ಬರುವುದನ್ನು ಹೇಳುವ ದನಿಯ ಹಾಗಿತ್ತು. ಮುಖ ನೋಡಿಕೊಂಡು ಹಾಡದಿದ್ದರೆ ಆ ಹಾಡುಗಳು ಕುಣಿಯುವುದಿಲ್ಲ ಎಂದು ನಟರಾಜನ್ ಕೂಡ ಹೇಳಿದರು. ಆದ್ದರಿಂದ ಒಂದೇ ಮೈಕಿನ ಮುಂದೆ ಮೂವರೂ ನಿಂತರು. ನಾನು ಗಾಜಿನ ಆಚೆ ಶಕ್ತಿವೇಲ್ ಪಕ್ಕ, ಕೈ ಕಟ್ಟಿಕೊಂಡು, ಮುಖದಲ್ಲಿ ಒಂದು ಸಾತ್ವಿಕ ನಗೆ ಇಟ್ಟುಕೊಂಡು ಕೂತೆ.

ನಟರಾಜನ್ ಮೊದಲ ಸ್ವರ ಕೊಟ್ಟು ಸುಮ್ಮನಾದರು. ಮೂವರೂ ಶುರುಮಾಡಿದರು. ಚೆನ್ನಾಗಿತ್ತು. ನಾನಿಲ್ಲದೆಯೂ ಇಷ್ಟು ಚೆನ್ನಾಗಿರುತ್ತದಾ ಎಂದು ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಎರಡನೆಯ ಸಾಲಿನ ಕೊನೆ ಬಂತು. ನಾನು ಯಾವಾಗಲೂ ಜಾರುತ್ತಿದ್ದ ಜಾಗ. ಮೂವರೂ ಅಲ್ಲಿ ಒಟ್ಟಿಗೆ, ಒಂದು ಕೂದಲೆಳೆಯೂ ಆಚೀಚೆಯಾಗದೆ, ಇಳಿದರು.

ನಾಲ್ಕನೆಯ ಸಾಲಿನ ಕೊನೆಯಲ್ಲಿ ಮತ್ತೆ ಇಳಿದರು. ಚರಣದಲ್ಲಿ ಮತ್ತೆ. ಹಾಡು ಮುಗಿಯುವಾಗ ಸರಿಯಾಗಿ ಒಂದೂವರೆ ಮನೆ ಕೆಳಗಿದ್ದರು.

"ಏನಿದು ಮೇಡಂ," ಎಂದ ಶಕ್ತಿವೇಲ್. "ನೀವು ಒಳಗೆ ಇಲ್ಲವಲ್ಲ."

ನನಗೆ ಅರ್ಥವಾಗಿತ್ತು. ನಾನಿಲ್ಲದ ಕಡೆಯೂ ಅವರು ನನಗಾಗಿ ಇಳಿಯುತ್ತಿದ್ದರು. ಅದು ಮರ್ಯಾದೆಯೂ ಅಲ್ಲ, ಉಪಚಾರವೂ ಅಲ್ಲ, ಅವರ ಗಂಟಲಿಗೆ ಅಂಟಿಹೋದ ಅಭ್ಯಾಸ. ನನ್ನನ್ನು ತೆಗೆದುಹಾಕಿದರೆ ನನ್ನ ತಪ್ಪು ಹೋಗುವುದಿಲ್ಲ, ಇವರಲ್ಲೇ ಇರುತ್ತದೆ. ಸಾತ್ವಿಕ ನಗೆಯನ್ನು ತೆಗೆದಿಟ್ಟು ಎದ್ದು ಒಳಗೆ ಹೋದೆ.

"ನಾನೂ ಹಾಡ್ತೀನಿ," ಎಂದೆ. "ಎಂಟನೇ ಹಾಡು. ನಟರಾಜನ್ ಕೊನೇವರೆಗೂ ಜೊತೆಗೇ ನುಡಿಸಲಿ. ನಾನು ಇಳೀತೀನಿ, ಅದು ಗ್ಯಾರಂಟಿ. ನೀವು ಮಾತ್ರ ಬರಬೇಡಿ."

ಮೂವರೂ ಮುಖ ಮುಖ ನೋಡಿಕೊಂಡರು. "ಅದು ಹೇಗಕ್ಕಾ ಆಗತ್ತೆ," ಎಂದಳು ಶ್ರೀಜಾ. "ನೀವು ಅಲ್ಲಿ ತನಿಯಾಗಿ ನಿಂತ್ಬಿಡ್ತೀರಿ."

"ನಿಲ್ತೀನಿ. ಬಿಟ್ಟುಬಿಡಿ."

ಮೊದಲ ಸಲ ಮೂವರೂ ನನ್ನ ಹಿಂದೆ ಬಂದರು. ಪಿಯಾನೊ ಒಂದೇ ಮೇಲೆ ಉಳಿಯಿತು, ಕೇಳಲು ಘೋರವಾಗಿತ್ತು. ಎರಡನೆಯ ಸಲ ಸುಮಧ್ವ ತನ್ನ ಸ್ವರದಲ್ಲೇ ನಿಂತ. ಮೊಸರಿನ ಸಿಟ್ಟು ಸ್ವಲ್ಪ ಸಹಾಯ ಮಾಡಿರಬೇಕು. ಮೂರನೆಯ ಸಲ ಶ್ರೀಜಾಳೂ ನಿಂತಳು, ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಗಂಡನಿಗೆ ಮಾತ್ರ ಆಗಲಿಲ್ಲ. ನಾಲ್ಕು, ಐದು, ಆರು. ನಾನು ಜಾರಿದ ಕೂಡಲೇ ಅವರ ದನಿ ನನ್ನ ಪಕ್ಕದಲ್ಲಿ ಬಂದು ಕೂರುತ್ತಿತ್ತು. ಪ್ರತಿ ಸಲವೂ "ಸಾರಿ ಪದ್ಮಾ" ಅನ್ನುತ್ತಿದ್ದರು. ಹೆಂಡತಿಯನ್ನು ಬಿಟ್ಟುಹೋಗದಿದ್ದಕ್ಕೆ ಕ್ಷಮೆ ಕೇಳುವ ಗಂಡನನ್ನು ನಾನು ಬೇರೆಲ್ಲೂ ನೋಡಿಲ್ಲ.

ಏಳನೆಯ ಸಲ ಅವರು ಕಣ್ಣು ಮುಚ್ಚಿಕೊಂಡರು. ನನ್ನ ಮುಖ ಕಾಣದಿದ್ದರೆ ಆಗಬಹುದೆಂದು.

ಎರಡನೆಯ ಚರಣದಲ್ಲಿ ನಾನು ಜಾರಿದೆ. ಪಕ್ಕದಲ್ಲಿ ಯಾರೂ ಬರಲಿಲ್ಲ. ಮೂರು ದನಿಯೂ ಮೇಲೆ ಇದ್ದವು, ನನ್ನದೊಂದು ಕೆಳಗೆ. ಎರಡು ಟ್ಯೂನಿಂಗ್ ಫೋರ್ಕುಗಳು ಸ್ವಲ್ಪವೇ ಬೇರೆಯಾಗಿದ್ದರೆ ಸದ್ದು ಅಲೆಯಲೆಯಾಗಿ ನಡುಗುತ್ತದೆ. ಇಪ್ಪತ್ತಾರು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಅದಕ್ಕೇ ಶಕ್ತಿವೇಲ್‌ಗೆ ಒಂಬತ್ತು ಕೊಟ್ಟಿದ್ದೇನೆ. ಆ ನಡುಕ ನನ್ನ ಬಾಯಿಂದಲೇ ಬರುತ್ತಿರುವುದನ್ನು ಅವತ್ತು ಕೇಳಿದೆ. ಎಷ್ಟು ಕೆಟ್ಟದಾಗಿತ್ತೆಂದರೆ ಬಾಯಿ ಮುಚ್ಚಿ ಓಡಿಹೋಗಬೇಕು ಅನ್ನಿಸಿತು. ಗಂಡನ ಮೊಣಕೈ ನನ್ನ ಮೊಣಕೈಗೆ ತಾಗಿಕೊಂಡೇ ಇತ್ತು, ಆದರೆ ದನಿ ಕೆಳಗೆ ಬರಲಿಲ್ಲ. ನನಗೆ ತುಂಬ ಒಂಟಿ ಅನ್ನಿಸಿತು. ಈ ಮನೆಗೆ ಬಂದ ಮೇಲೆ ಹಾಗೆ ಅನ್ನಿಸಿದ್ದು ಅದೇ ಮೊದಲು. ಇಷ್ಟು ವರ್ಷ ಅನ್ನಿಸದ ಹಾಗೆ ಇವರು ನೋಡಿಕೊಂಡಿದ್ದರು ಎಂಬುದೂ ಆಗಲೇ ತಿಳಿದದ್ದು.

ಏರಿದೆ. ಒಂದೇ ಸಲಕ್ಕೆ ಅಲ್ಲ. ಸ್ವಲ್ಪ ಏರಿ, ಹೆಚ್ಚಾಗಿ, ಇಳಿದು, ಮತ್ತೆ ಏರಿ, ಸುಮಾರು ಎಂಟು ಹೆಜ್ಜೆ ತಾಳ ದಾಟಿದ ಮೇಲೆ ಅವರ ಮಟ್ಟಕ್ಕೆ ಮುಟ್ಟಿದೆ. ಮುಟ್ಟಿದ ಕೂಡಲೇ ನಡುಕ ನಿಂತಿತು. ಗಾಜಿನ ಆಚೆ ಶಕ್ತಿವೇಲ್ ಎದ್ದು ನಿಂತಿದ್ದ.

ಆಮೇಲೆ ಉಳಿದ ಏಳನ್ನೂ ಅದೇ ರೀತಿ ಮತ್ತೆ ಹಾಡಿದೆವು. ಎಂಟನೆಯ ಹಾಡಿನ ಆ ಜಾಗವನ್ನು ಅಳಿಸಿ ಬೇರೆ ಹಾಡಿಸೋಣ ಎಂದು ಶಕ್ತಿವೇಲ್ ಎರಡು ಸಲ ಹೇಳಿದ. ಇರಲಿ ಬಿಡು ಎಂದೆ. ಈಗಲೂ ಕೇಳಿದರೆ ಗೊತ್ತಾಗುತ್ತದೆ, ಮೂರು ಜನ ನಿಂತ ಕಡೆ ಒಬ್ಬಳು ಜಾರಿ, ತಡವರಿಸಿಕೊಂಡು ಮೇಲೆ ಬರುವುದು. ನಾನು ಮುನ್ನೂರು ಸಲ ಕೇಳಿರುವುದು ಅದೇ ಹಾಡನ್ನು. ನನ್ನ ವಿದ್ಯಾರ್ಥಿನಿ ನಿತ್ಯಾ, ಇಂಟರ್ನಲ್ ಮಾರ್ಕ್ಸಿಗೆ ಹೆದರದ ಹುಡುಗಿ, ಅಲ್ಲಿ ಏನೋ ಎಡವಟ್ಟಾಗಿದೆ ಮೇಡಂ ಎಂದು ಬರೆದಿದ್ದಳು. ಹೌದು ಎಂದು ಉತ್ತರಿಸಿದೆ.

ಆ ಏಳನೆಯ ಸಲ ಹಾಡಿದ ದಿನ ವಾಪಸು ಬರುವಾಗ ಗಂಡ ಗಾಡಿ ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಸುಮಧ್ವ ಮತ್ತು ಶ್ರೀಜಾ. ಪೊಳ್ಳಾಚಿ ದಾಟಿದ ಮೇಲೆ ಗಂಡ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದರು, "ಕೋಪವಾ?"

"ಹೌದು," ಎಂದೆ. "ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವಾದರೂ ಹೀಗೆ ನಿಂತಿದ್ರೆ ನಾನು ಅವತ್ತೇ ಏರ್ತಿರಲಿಲ್ವಾ? ಯಾಕ್ರೀ ನಿಲ್ಲಲಿಲ್ಲ?"

"ನೀನು ನಿನ್ನ ಊರು ಬಿಟ್ಟು ಬಂದಿದ್ದೆ," ಎಂದರು. "ಹಾಡಲ್ಲೂ ಒಬ್ಬಳೇ ಆಗ್ಬಿಡ್ತೀಯಲ್ಲಾಂತ."

ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಐವತ್ತಮೂರು ವರ್ಷದ ಹೆಂಗಸು ಮುಂದಿನ ಸೀಟಿನಲ್ಲಿ ಕೂತು ಗಟ್ಟಿಯಾಗಿ ಅತ್ತೆ. ಶ್ರೀಜಾ ಹಿಂದಿನಿಂದ ನನ್ನ ಭುಜ ಹಿಡಿದುಕೊಂಡಳು. ಗಂಡ ಗಾಡಿ ನಿಧಾನ ಮಾಡಿದರು. ಸುಮಧ್ವ ಮಾತ್ರ ಎರಡು ಸಲ ಗಂಟಲು ಸರಿಮಾಡಿಕೊಂಡ. ಇಷ್ಟು ವರ್ಷದಲ್ಲಿ ಅವನು ನನಗೆ ಎದುರಾಡಿದ್ದು ಅದೇ ಮೊದಲು.

"ಅತ್ತಿಗೆ," ಎಂದ, "ಕೊಂಜ ಇಳೀತಿದೆ."

ಕೊಂಜ ಅಲ್ಲ ಸ್ವಲ್ಪ ಎಂದು ನಾನು ತಿದ್ದಲಿಲ್ಲ. ಶ್ರುತಿ ಏರಿಸಿಕೊಂಡು ಅಳು ಮುಂದುವರಿಸಿದೆ.